ತಂಗಿಗೊಬ್ಬಳು ಪಿಳ್ಳಮ್ಮ

ನಮ್ಮ ಮನೆಯ ದೇವರ ಗೂಡಿನ ಪಕ್ಕ, ಒಂದು ಮೊಳೆಗೆ, ಬಣ್ಣದ ಫೋಟೋ ಒಂದು ನೇತಾಡುತ್ತಿತ್ತು. ಅದರಲ್ಲಿ ಮೋಟು ಕೂದಲಿನ, ಕೆಂಪು ಮೂಗಿನ ಒಬ್ಬ ಹೆಂಗಸು ಸಮುದ್ರಕ್ಕೆ ಬೆನ್ನು ಹಾಕಿ ನಿಂತು, ಕಂದು ಬಣ್ಣದ ನಾಯಿಯೊಂದನ್ನು ಕೂಸಿನ ಹಾಗೆ ಎತ್ತಿಕೊಂಡು ನಗುತ್ತಿದ್ದಳು. ಅವಳ ಹೆಸರು ಪಿಲಾರ್. ಊರು ಸ್ಪೇನ್ ದೇಶದ ಯಾವುದೋ ಕಡಲ ದಂಡೆ. ನಮ್ಮ ಹಟ್ಟಿಯವರ ನಾಲಿಗೆಗೆ ಆ ಹೆಸರು ಹತ್ತಲಿಲ್ಲ. ಎಲ್ಲರೂ ಪಿಳ್ಳಮ್ಮ ಅಂದರು, ಕೊನೆಗೆ ನಾವೂ ಅದನ್ನೇ ಅಂದೆವು. ಪಿಳ್ಳಮ್ಮ ನನ್ನ ತಂಗಿ ಸುಜಾತಳಿಗೆ ಸೇರಿದವಳು. ನನಗೆ ಸೇರಿದವಳಲ್ಲ. ಬೆಳಿಗ್ಗೆ ಎದ್ದು ದೇವರಿಗೆ ಕೈಮುಗಿಯಲು ಹೋದರೆ ಮೊದಲು ಕಾಣುತ್ತಿದ್ದುದು ಅವಳ ನಗು. ನಾನಿನ್ನೂ ಏನನ್ನೂ ಬೇಡಿಕೊಳ್ಳುವ ಮೊದಲೇ ಹೊಟ್ಟೆಯೊಳಗೆ ಉರಿ ಎದ್ದಿರುತ್ತಿತ್ತು.

ಆ ಮನೆಯಲ್ಲಿ ನಾನು ಈಗಲೂ ಕಣ್ಣು ಮುಚ್ಚಿಕೊಂಡು ಓಡಾಡಬಲ್ಲೆ. ನಾಗಲಮಡಿಕೆಯಿಂದ ಆಚೆಗೆ, ಆಂಧ್ರದ ಕೋಳಿ ಕೂಗಿದರೆ ನಮಗೆ ಎಚ್ಚರವಾಗುವಷ್ಟು ಗಡಿಗೆ ಒತ್ತಿಕೊಂಡಿದ್ದ ಕುರಿ ಕಾಯುವವರ ಹಟ್ಟಿ ನಮ್ಮದು. ಕಲ್ಲಿನ ಗೋಡೆ, ಮೇಲೆ ಚಪ್ಪಡಿ ಹಾಸಿ ಮಣ್ಣು ಮುಚ್ಚಿದ ಮಾಳಿಗೆ. ಮೂಡಲಿಗೆ ಬಾಗಿಲು, ಅದೂ ತಲೆ ತಗ್ಗಿಸಿ ಒಳಗೆ ಬರಬೇಕಾದ ಬಾಗಿಲು. ಒಳಗೆ ಉದ್ದನೆಯ ಒಂದೇ ಅಂಕಣ. ಅದರ ಕೊನೆಗೆ ಎದೆಮಟ್ಟದ ಗೋಡೆ, ಗೋಡೆಯ ಆಚೆ ಒಲೆ. ಒಲೆಯ ಮುಂದೆ ನೆಲದಲ್ಲೇ ಹೂತಿದ್ದ ಒಳಕಲ್ಲು. ಈಚೆಗೆ, ಮೂಲೆಯಲ್ಲಿ, ರಾಗಿ ತುಂಬಿದ ಗುಡಾಣ. ಮನೆಯ ಮುಂದೆ ಜಾಲಿಮುಳ್ಳಿನ ಬೇಲಿ ಹಾಕಿದ ಕುರಿ ರೊಪ್ಪ. ಕುರಿಯ ವಾಸನೆ ನಮ್ಮ ಬಟ್ಟೆಗೆ, ಚಾಪೆಗೆ, ಉಣ್ಣುವ ಮುದ್ದೆಗೆ ಕೂಡ ಹತ್ತಿಕೊಂಡಿರುತ್ತಿತ್ತು. ಅದು ವಾಸನೆ ಎಂದು ನನಗೆ ಗೊತ್ತಾದದ್ದೇ ತಂಗಿ ಹಬ್ಬಕ್ಕೆ ಬಂದು ಮೂಗು ಮುಚ್ಚಿಕೊಂಡಾಗ. ಅಪ್ಪ ಕುರಿಗಳ ಜೊತೆ ಹೊರಗೆ ಮಲಗುತ್ತಿದ್ದ. ಒಳಗೆ, ಒಲೆಯ ಕಾವು ತಾಗುವ ಗೋಡೆಯ ಪಕ್ಕ ಅಮ್ಮ, ಅಮ್ಮನ ಪಕ್ಕ ನಾನು. ಅವಳ ಕಂಬಳಿಯ ಅರ್ಧ ನನ್ನದು.

ತಂಗಿ ನಮ್ಮೊಂದಿಗೆ ಇರಲಿಲ್ಲ. ಅವಳು ನಡೆಯಲು ಕಲಿತ ವರ್ಷ ಅಮ್ಮನಿಗೆ ಕಾಮಾಲೆಯಾಯಿತಂತೆ. ಅಪ್ಪ ಮಳೆ ಬಿದ್ದ ಸೀಮೆ ಹುಡುಕಿಕೊಂಡು ಕುರಿ ಹೊಡೆದುಕೊಂಡು ಹೋಗಿದ್ದ. ಅಮ್ಮನ ತಾಯಿ ಗಡಿಯಾಚೆಯ ಊರಿನಿಂದ ಬಂದು, ಸುಜಾತಳನ್ನು ಸೊಂಟಕ್ಕೆ ಏರಿಸಿಕೊಂಡು ಹೋದಳು. ನಾನು ಆಗಲೇ ಬಿಂದಿಗೆ ಹೊರುವಷ್ಟು ದೊಡ್ಡವಳಾಗಿದ್ದೆ, ಹಾಗಾಗಿ ಉಳಿದುಕೊಂಡೆ. ಅಮ್ಮ ಚೇತರಿಸಿಕೊಂಡಳು, ಆದರೆ ತಂಗಿ ವಾಪಸ್ ಬರಲಿಲ್ಲ. ಇವತ್ತು ಕರೆದುಕೊಂಡು ಬರೋಣ, ಸುಗ್ಗಿ ಕಳೆದ ಮೇಲೆ ಕರೆದುಕೊಂಡು ಬರೋಣ ಅನ್ನುವಷ್ಟರಲ್ಲಿ ಅಲ್ಲಿನ ಶಾಲೆಗೆ ಸೇರಿಬಿಟ್ಟಳು. ಆ ಸೀಮೆಯ ಹಳ್ಳಿಗಳಲ್ಲಿ ಆಗ ಒಂದು ಸಂಸ್ಥೆ ಕೆಲಸ ಮಾಡುತ್ತಿತ್ತು. ಸ್ಪೇನಿನ ಒಂದೊಂದು ಮನೆಯವರು ಇಲ್ಲಿನ ಒಂದೊಂದು ಮಗುವಿನ ಓದಿಗೆ ನೆರವಾಗುತ್ತಿದ್ದರು. ನನ್ನ ತಂಗಿಯ ಪಾಲಿಗೆ ಬಂದವಳು ಪಿಳ್ಳಮ್ಮ. ಅವಳು ಕಳಿಸಿದ ಫೋಟೋವನ್ನು ಅಜ್ಜಿಯೇ ತಂದು ನಮ್ಮ ಗೋಡೆಗೆ ಹಾಕಿದ್ದಳು. ಗಡಿಯ ಈಚೆಗಿದ್ದ ನಮ್ಮ ಹಟ್ಟಿಗೆ ಆ ಸಂಸ್ಥೆಯ ಕೆಲಸ ಬರಲಿಲ್ಲ. ನಡುವೆ ಇದ್ದದ್ದು ಒಂದು ಒಣಹಳ್ಳ. ಹಳ್ಳದ ಆಚೆ ಹೋದವಳಿಗೆ ಸ್ಪೇನ್ ಸಿಕ್ಕಿತು, ಈಚೆ ಉಳಿದವಳಿಗೆ ಬಿಂದಿಗೆ.

ಹೆಸರಿನಲ್ಲೂ ನನಗೆ ಮೋಸವಾಗಿತ್ತು. ಮೊದಲ ಮಗಳಾದ್ದರಿಂದ ಅಪ್ಪನ ತಾಯಿಯ ಹೆಸರು ನನಗೆ ಬಿತ್ತು, ಈರಕ್ಕ. ತಂಗಿಯ ಹೊತ್ತಿಗೆ ಹೆರಿಗೆ ಮಾಡಿಸಿದ ನರ್ಸಮ್ಮ "ಏನಾದ್ರೂ ಚೆಂದುದ್ ಹೆಸ್ರಿಕ್ಕಿ" ಎಂದು ಸುಜಾತ ಎಂದು ತಾನೇ ಕರೆದುಬಿಟ್ಟಳಂತೆ. ಯುಗಾದಿಗೂ ಶಿವರಾತ್ರಿಗೂ ಸುಜಾತ ಅಜ್ಜಿಯ ಜೊತೆ ಬರುತ್ತಿದ್ದಳು, ಕೈಯಲ್ಲಿ ತಗಡಿನ ಪೆಟ್ಟಿಗೆ. ಅವಳು ಅದನ್ನು ನಡುಮನೆಯಲ್ಲಿ ಇಟ್ಟು, ಎಲ್ಲರೂ ಕೂತಿದ್ದಾರೆಯೇ ಎಂದು ನೋಡಿ, ಆಮೇಲೆ ಮುಚ್ಚಳ ತೆಗೆಯುತ್ತಿದ್ದಳು. ಪಿಳ್ಳಮ್ಮ ಕಳಿಸಿದ ಬಣ್ಣದ ಮೇಣದ ಕಡ್ಡಿ, ಹೊಸ ಚಪ್ಪಲಿ, ಗೊಂಬೆ ಇದ್ದ ಫ್ರಾಕು. ಬಣ್ಣದ ಮೇಣದ ಕಡ್ಡಿಗಳಿಗೆ ಒಂದು ವಾಸನೆ ಇತ್ತು. ಅದು ನಮ್ಮ ಮನೆಯ ಯಾವ ವಾಸನೆಗೂ ಕೂಡದೆ ಗಾಳಿಯಲ್ಲಿ ಬೇರೆಯೇ ನಿಲ್ಲುತ್ತಿತ್ತು. ನನಗೆ ಮುಟ್ಟಲು ಕೊಡುತ್ತಿದ್ದಳು, ಇಲ್ಲವೆಂದಲ್ಲ. ಕೊಟ್ಟು, ನಾನು ಮುಟ್ಟುವುದನ್ನು ನೋಡುತ್ತಿದ್ದಳು. ಲೋಕದಲ್ಲಿ ಅಕ್ಕನ ಹಳೇ ಬಟ್ಟೆ ತಂಗಿಗೆ ಬರುತ್ತದೆ. ನಮ್ಮಲ್ಲಿ ತಂಗಿಯ ಹಳೇ ಫ್ರಾಕಿಗೆ ಎರಡೂ ಪಕ್ಕ ಬೇರೆ ಬಟ್ಟೆ ಕೊಟ್ಟು ಅಗಲ ಮಾಡಿ ಅಕ್ಕನಿಗೆ ಹಾಕುತ್ತಿದ್ದರು.

ಮನೆಯಲ್ಲಿ ಹೊಟ್ಟೆಕಿಚ್ಚು ನನಗೊಬ್ಬಳಿಗೇ ಇತ್ತು ಎಂದುಕೊಂಡಿದ್ದೆ. ಇರಲಿಲ್ಲ. ಒಂದು ಯುಗಾದಿಯಲ್ಲಿ ಹೋಳಿಗೆ ತಟ್ಟುತ್ತಾ ಅಮ್ಮ ಸುಜಾತಳನ್ನು ಕೇಳಿದಳು:

"ಪಿಳ್ಳಮ್ಮನ್ನ ನೀನು ಏನಂತ ಕರೀತೀಯೆ?"

"ಮದ್ರಿನಾ ಅಂತ. ಸಂಸ್ಥೆ ವಸಂತಮ್ಮ ಮೇಡಂ ಹೇಳ್ಕೊಟ್ರು."

"ಅಂಗಂದ್ರೆ?"

"ದೇವ್ರು ಕೊಟ್ಟ ತಾಯಿ ಅಂತೆ."

ಅಮ್ಮನ ಕೈ ನಿಂತಿತು. ಹೆಂಚಿನ ಮೇಲಿದ್ದ ಹೋಳಿಗೆ ಸೀದ ವಾಸನೆ ಬಂದರೂ ತಿರುವಲಿಲ್ಲ.

"ಅವಳು ದೇವ್ರು ಕೊಟ್ಟ ತಾಯಾದ್ರೆ ನಾನ್ಯಾರು ಕೊಟ್ಟ ತಾಯಿ?"

ಬಾಗಿಲಲ್ಲಿ ಕೂತಿದ್ದ ಅಪ್ಪ ನಕ್ಕ. ಅಜ್ಜಿ ತೆಲುಗು ಬೆರೆಸಿದ ಕನ್ನಡದಲ್ಲಿ "ನಾ ಬಂಗಾರು ತಲ್ಲಿ, ಮಗು ಮಾತಿಗೆ ಯಾಕಮ್ಮ ಇಷ್ಟು ಕೋಪ" ಎಂದು ಸಮಾಧಾನ ಮಾಡಹೋದಳು. ಅಮ್ಮ ಎದ್ದು, ಸೆರಗಿಗೆ ಕೈ ಒರೆಸಿ, ಫೋಟೋವನ್ನು ದೇವರ ಪಕ್ಕದ ಮೊಳೆಯಿಂದ ತೆಗೆದು ಬಾಗಿಲ ಹಿಂದಿನ ಮೊಳೆಗೆ ಹಾಕಿದಳು. ಬಾಗಿಲು ತೆರೆದಿದ್ದಾಗ ಪಿಳ್ಳಮ್ಮ ಕಾಣುತ್ತಿರಲಿಲ್ಲ. ಹಗಲೆಲ್ಲ ನಮ್ಮ ಬಾಗಿಲು ತೆರೆದೇ ಇರುತ್ತಿತ್ತು. ಅವತ್ತು ನನಗೆ ಆದ ಸಂತೋಷವನ್ನು ಹೇಗೆ ಹೇಳಲಿ, ಹೋಳಿಗೆ ಎರಡು ಹೆಚ್ಚಿಗೆ ತಿಂದೆ.

ನನಗೆ ಹನ್ನೊಂದು ತುಂಬಿದ್ದ ವರ್ಷ, ಮಳೆಗಾಲ ಕಳೆದು ಕಡ್ಲೆಕಾಯಿ ಕೀಳುವ ದಿನಗಳಲ್ಲಿ, ಅಜ್ಜಿ ಸುದ್ದಿ ತಂದಳು. ಸಂಸ್ಥೆಯವರು ತಮ್ಮ ಆವರಣದ ಹಳೇ ಬಂಗಲೆಯಲ್ಲಿ ಒಂದು ಮ್ಯೂಸಿಯಂ ಮಾಡಿದ್ದರಂತೆ. ಅಲ್ಲಿ ಸ್ಪೇನಿನ ಕಡೆಯವರ ಹಬ್ಬ. ಅವರ ಹಾಡು, ಅಡುಗೆ, ಆಟ ಎಲ್ಲ ತೋರಿಸುತ್ತಾರೆ, ಮಕ್ಕಳ ಮನೆಯವರೆಲ್ಲ ಬರಬೇಕು, ದೊಡ್ಡವರೂ ಮಕ್ಕಳೂ ಕೂತು ಏನೇನೋ ಮಾಡುವುದಿದೆ. ಪಿಳ್ಳಮ್ಮ ಬರುತ್ತಾಳೆ. "ನಾನ್ ಬರಾಕಿಲ್ಲ" ಎಂದಳು ಅಮ್ಮ. ಬೆಳಿಗ್ಗೆ ನೋಡಿದರೆ ಮದುವೆಯ ಸೀರೆ ಉಟ್ಟು, ತಲೆಗೆ ಎಣ್ಣೆ ಹಚ್ಚಿ, ಎಲ್ಲರಿಗಿಂತ ಮೊದಲು ವ್ಯಾನಿನ ದಾರಿ ಕಾಯುತ್ತ ನಿಂತಿದ್ದಳು. ಅಪ್ಪ ಹೆಗಲಿಗೆ ಹೊಸ ಕಂಬಳಿ ಹಾಕಿಕೊಂಡ. ನಾನು ಪಕ್ಕ ಅಗಲ ಮಾಡಿದ ಫ್ರಾಕು ಹಾಕಿಕೊಂಡೆ. ಅದನ್ನು ಕಳಿಸಿದವಳೇ ಅದನ್ನು ನನ್ನ ಮೈಮೇಲೆ ನೋಡುತ್ತಾಳಲ್ಲ ಎಂದು ನೆನೆದು ದಾರಿಯುದ್ದಕ್ಕೂ ಎರಡೂ ಕೈಯನ್ನು ಪಕ್ಕೆಗೆ ಒತ್ತಿಕೊಂಡೇ ಕೂತಿದ್ದೆ.

ಮ್ಯೂಸಿಯಂ ಎಂದರೆ ಏನೋ ಅಂದುಕೊಂಡಿದ್ದವರಿಗೆ ಮೊದಲ ಕೋಣೆಯಲ್ಲಿ ಕಂಡದ್ದು ರಾಗಿ ಬೀಸುವ ಕಲ್ಲು, ಸೇರು, ಪಾವು, ಉಣ್ಣೆ ಕತ್ತರಿಸುವ ಕತ್ತರಿ. ಅಪ್ಪ ಕತ್ತರಿಯ ಮುಂದೆ ಬಗ್ಗಿ ನೋಡಿ, "ತುಕ್ಕು ಹಿಡ್ಸವ್ರೆ, ಎಣ್ಣೆ ಹಾಕಾಕಾಗಲ್ವಾ" ಎಂದು ಬೇಜಾರು ಮಾಡಿಕೊಂಡ. ಒಳಗಿನ ದೊಡ್ಡ ಅಂಗಳದಲ್ಲಿ ಬೇರೆಯೇ ಲೋಕ. ಕುಚ್ಚು ಇಳಿಬಿಟ್ಟ ಹೂವಿನ ಶಾಲುಗಳು, ನೀಲಿ ಬಳ್ಳಿ ಬರೆದ ಮಣ್ಣಿನ ತಟ್ಟೆಗಳು, ಅಂಗೈಯಲ್ಲಿ ಹಿಡಿದು ತಾಳ ಹಾಕುವ ಮರದ ಚಿಪ್ಪುಗಳು. ಒಬ್ಬ ಮುದುಕ ಗಿಟಾರ್ ಬಾರಿಸುತ್ತಿದ್ದ, ಒಬ್ಬಾಕೆ ಕಾಲಿನಲ್ಲಿ ನೆಲವನ್ನು ಜಗಳಕ್ಕೆ ಕರೆಯುವಂತೆ ಬಡಿಯುತ್ತಿದ್ದಳು. ಮೆಕ್ಸಿಕೋ ಎಂಬ ದೇಶದವರೂ ಬಂದಿದ್ದರು. ಅವರಿಗೂ ಸ್ಪೇನಿನವರಿಗೂ ದೇಶ ಬೇರೆ, ಮಾತು ಒಂದೇ ಅಂತೆ. ನಮ್ಮಲ್ಲಿ ಮನೆ ಒಂದೇ, ಅಜ್ಜಿಯ ಮಾತು ಬೇರೆ, ಅಪ್ಪನ ಮಾತು ಬೇರೆ. ಬಣ್ಣದ ಕಾಗದವನ್ನು ಮಡಿಚಿ ಮಡಿಚಿ ಕತ್ತರಿಸಿ ಬಿಡಿಸಿದರೆ ಹಕ್ಕಿ, ಹೂವು, ನಕ್ಷತ್ರ ಇರುವ ತೋರಣವಾಗುತ್ತಿತ್ತು. ಅದನ್ನು ಕಲಿಸುತ್ತಿದ್ದ ಮೆಕ್ಸಿಕೋದ ಹೆಂಗಸಿನ ಜಡೆ ನಮ್ಮ ಅಜ್ಜಿಯ ಜಡೆಯಷ್ಟೇ ದಪ್ಪ ಇತ್ತು.

ಪಿಳ್ಳಮ್ಮ ಜನರ ನಡುವಿನಿಂದ ಓಡಿಬಂದಳು. ಫೋಟೋದಲ್ಲಿ ಇದ್ದುದಕ್ಕಿಂತ ಕುಳ್ಳಗಿದ್ದಳು. ಸುಜಾತಳನ್ನು ನೆಲದಿಂದ ಎತ್ತಿ, ಎರಡೂ ಕೆನ್ನೆಗೆ ಮುತ್ತು ಕೊಟ್ಟು, ಅತ್ತುಬಿಟ್ಟಳು. ನಾನು ಅಮ್ಮನ ಮುಖ ನೋಡಿದೆ. ಅಮ್ಮ ನನ್ನ ಕೈ ಹಿಡಿದಳು. ಬಳೆ ನನ್ನ ಮಣಿಕಟ್ಟಿಗೆ ಒತ್ತುವಷ್ಟು ಬಿಗಿ. ಆಮೇಲೆ ಪಿಳ್ಳಮ್ಮ ಅಮ್ಮನನ್ನೂ ತಬ್ಬಿಕೊಂಡಳು. ಅಮ್ಮ ಕಂಬದ ಹಾಗೆ ನಿಂತಿದ್ದಳು. ಅತ್ತ ಎಣ್ಣೆಯ ಬಾಣಲೆಗೆ ಹಿಟ್ಟನ್ನು ಶಾವಿಗೆ ಒತ್ತಿನಂಥದ್ದರಿಂದ ಒತ್ತಿ, ಉದ್ದುದ್ದ ಕರಿದು, ಸಕ್ಕರೆಯಲ್ಲಿ ಹೊರಳಿಸಿ ಕೊಡುತ್ತಿದ್ದರು. ಪಿಳ್ಳಮ್ಮ ಅದನ್ನು ಮುರಿದು ಊದಿ ಊದಿ ಸುಜಾತಳ ಬಾಯಿಗೆ ಇಟ್ಟಳು. ಒಂದನ್ನು ಅಮ್ಮನಿಗೂ ಚಾಚಿದಳು.

"ಸಕ್ರೆ ಹಾಕಿರೋ ಚಕ್ಲಿ. ನಮ್ಮನೇಲಿಲ್ದಿರೋದಾ?" ಎಂದು ಅಮ್ಮ ತೆಗೆದುಕೊಳ್ಳಲಿಲ್ಲ.

ನಡುವೆ ನಿಂತು ಮಾತು ದಾಟಿಸುತ್ತಿದ್ದ ವಸಂತಮ್ಮ ಮೇಡಂ ಜಾಣೆ. ಆ ಸೀಮೆಯವಳೇ, ಕನ್ನಡ ತೆಲುಗು ಎರಡೂ ಬಲ್ಲವಳು. ಅಮ್ಮ ಅಂದದ್ದನ್ನು ಅವಳು ಸ್ಪೇನಿನ ಮಾತಿನಲ್ಲಿ ಏನೆಂದು ಹೇಳಿದಳೋ, ಪಿಳ್ಳಮ್ಮ ಎದೆಯ ಮೇಲೆ ಕೈ ಇಟ್ಟು ತುಂಬಾ ಸಂತೋಷಪಟ್ಟಳು.

ಅಂಗಳದ ಬೇವಿನ ಮರಕ್ಕೆ ಕೊಂಬು ಕೊಂಬಿನ ನಕ್ಷತ್ರವೊಂದನ್ನು ನೇತುಹಾಕಿದ್ದರು. ಹೊರಗೆ ಬಣ್ಣದ ಕಾಗದ, ಒಳಗೆ ಮಣ್ಣಿನ ಮಡಕೆ, ಮಡಕೆಯ ತುಂಬ ಮಿಠಾಯಿ. ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಕೋಲಿನಿಂದ ಹೊಡೆಯಬೇಕು. ಹುಡುಗರೆಲ್ಲ ಗಾಳಿಗೆ ಹೊಡೆದು ನಗೆಪಾಟಲಾದರು. ನನ್ನ ಸರದಿ ಬಂತು. ಬಟ್ಟೆಯ ಕತ್ತಲೆಯೊಳಗೆ ನನಗೆ ಕಂಡದ್ದು ತಂಗಿಯ ಕೆನ್ನೆಗೆ ಬಿದ್ದ ಆ ಎರಡು ಮುತ್ತು. ಬೀಸಿದೆ. ಒಂದೇ ಏಟು. ಮಡಕೆ ಒಡೆದ ಸದ್ದಿಗೆ ಗಿಟಾರ್ ಕೂಡ ನಿಂತಿತು. ಜನ ಹೋ ಎಂದರು, ಕಾಲುಗಳು ನನ್ನನ್ನು ತಳ್ಳಿಕೊಂಡು ನುಗ್ಗಿದವು. ಅಮ್ಮ ಬಿಗಿದಿದ್ದ ಗಂಟು ಅದು, ಬಿಚ್ಚಿಕೊಳ್ಳುವಷ್ಟರಲ್ಲಿ ನೆಲದ ಮೇಲೆ ಮಡಕೆಯ ಬೋಕಿ ಚೂರು ಬಿಟ್ಟರೆ ಏನೂ ಇರಲಿಲ್ಲ. ಸುಜಾತಳ ಮಡಿಲು ತುಂಬಿತ್ತು. ಅವಳು ಅದನ್ನು ನನ್ನ ಮುಂದೆ ಹಿಡಿದು, "ತಗೋ ಅಕ್ಕಾ, ನೀನೇ ಅಲ್ವಾ ಒಡೆದಿದ್ದು" ಎಂದಳು. ನಾನು ತೆಗೆದುಕೊಳ್ಳಲಿಲ್ಲ. ಒಡೆದವಳು ನಾನು, ಕೊಡುವವಳು ಅವಳು. ಅದು ಯಾವ ಲೆಕ್ಕ?

ಊಟದ ಮೇಲೆ ಎಲ್ಲರನ್ನೂ ಉದ್ದ ಮೇಜುಗಳಿಗೆ ಕೂರಿಸಿದರು. ಮನೆಮನೆಯವರಿಗೆ ಒಂದೊಂದು ಹಲಗೆ, ಒಂದೊಂದು ಮುದ್ದೆ ಜೇಡಿಮಣ್ಣು. ಹಲಗೆಯ ಅರ್ಧದಲ್ಲಿ ಸ್ಪೇನಿನಿಂದ ಬಂದ ನೆಂಟರು ತಮ್ಮ ಮನೆ ಮಾಡಬೇಕು, ಇನ್ನರ್ಧದಲ್ಲಿ ಮಗು ತನ್ನ ಮನೆ ಮಾಡಬೇಕು. ಆಮೇಲೆ ಎರಡೂ ಮನೆ ಅಕ್ಕಪಕ್ಕ ಮ್ಯೂಸಿಯಮ್ಮಿನಲ್ಲಿ ಇರುತ್ತವೆ. ಪಿಳ್ಳಮ್ಮ ಚಕಚಕನೆ ಎರಡಂತಸ್ತಿನ ಮನೆ ಎಬ್ಬಿಸಿದಳು. ಮಹಡಿಗೆ ಕಟಾಂಜನ, ಅದರಲ್ಲಿ ಹೂವಿನ ಕುಂಡ, ಬಾಗಿಲಲ್ಲಿ ನಾಯಿ. ಸುಜಾತ ಅಜ್ಜಿಯ ಮನೆ ಶುರುಮಾಡಿದಳು. ಹಿಂದೆ ಮುಂದೆ ಎರಡು ಕೋಣೆ, ಪಕ್ಕಕ್ಕೆ ಹುಣಸೆಮರ.

ವಸಂತಮ್ಮ ಬಗ್ಗಿ ನೋಡಿದಳು. "ಅಜ್ಜಿ ಮನೆ ಅಲ್ಲಮ್ಮಾ. ಅಮ್ಮ ಅಪ್ಪ ಬಂದವ್ರಲ್ಲ, ಅವ್ರ ಮನೆ ಮಾಡು."

ಸುಜಾತ ಮರವನ್ನು ಕಿತ್ತಳು. ಗೋಡೆ ಬೀಳಿಸಿ ಮತ್ತೆ ಎತ್ತಿದಳು. ಮಣ್ಣು ಅವಳ ಬೆರಳಲ್ಲಿ ಒಣಗತೊಡಗಿತು. ಕೊನೆಗೆ ನನ್ನ ಕಡೆ ವಾಲಿ, ಮೆಲ್ಲಗೆ ಕೇಳಿದಳು:

"ಅಕ್ಕಾ, ನಮ್ಮನೆ ಬಾಗ್ಲು ಯಾವ ಕಡೀಕೈತೆ?"

ಮೆಲ್ಲಗೇ ಕೇಳಿದಳು, ಆದರೆ ಅಮ್ಮ ಅಲ್ಲೇ ಇದ್ದಳು. ಆ ಗಳಿಗೆಯಲ್ಲಿ ಅಮ್ಮನ ಕಡೆ ನೋಡಲು ನನಗೆ ಪುರುಸೊತ್ತಿರಲಿಲ್ಲ. ನನಗೆ ಗೊತ್ತಿದ್ದದ್ದು, ತಂಗಿಗೆ ಗೊತ್ತಿಲ್ಲದ್ದು, ಒಂದು ಸಿಕ್ಕಿಬಿಟ್ಟಿತ್ತು! ಹಲಗೆಯನ್ನು ನನ್ನ ಕಡೆ ಎಳೆದುಕೊಂಡೆ. ಬಾಗಿಲು ಇಲ್ಲಿ, ಮೂಡಲಿಗೆ. ಹಿಂಗೆ ಗಿಡ್ಡಕ್ಕೆ. ಇದು ರೊಪ್ಪ, ಬೇಲಿಗೆ ಕಡ್ಡಿ ಚುಚ್ಚು. ಇದು ಅಡ್ಡಗೋಡೆ, ಇದು ಒಲೆ, ಇಲ್ಲಿ ನೆಲದಲ್ಲಿ ಗುಳಿ ಮಾಡು, ಒಳಕಲ್ಲು. ಇದು ಗುಡಾಣ. ಇದು ದೇವರ ಗೂಡು. ಗುಂಡುಗುಂಡಾಗಿ ಮಣ್ಣು ಉರುಟಿ ಕುರಿಗಳನ್ನೂ ಮಾಡಿ ನಿಲ್ಲಿಸಿದೆ. ನಾನು ಹೇಳುತ್ತಿದ್ದೆ, ಸುಜಾತ ಮಣ್ಣು ತೆಗೆದು ತೆಗೆದು ಕೊಡುತ್ತಿದ್ದಳು. ಅಷ್ಟು ದಿನದಲ್ಲಿ ಮೊದಲ ಸಲ ಅವಳು ಕೊಡುವುದೂ ನಾನು ತೆಗೆದುಕೊಳ್ಳುವುದೂ ನನಗೆ ಸರಿ ಅನ್ನಿಸಿತು. ಪಿಳ್ಳಮ್ಮ ಮೇಜಿನ ಮೇಲೆ ಮೊಣಕೈ ಊರಿ ನನ್ನ ಕೈಯನ್ನೇ ನೋಡುತ್ತಿದ್ದಳು. ಸುಜಾತಳನ್ನಲ್ಲ, ನನ್ನನ್ನು. ಆಮೇಲೆ ಏನೋ ಕೇಳಿದಳು. ವಸಂತಮ್ಮ ಅದನ್ನು ದಾಟಿಸಿದಳು:

"ಎಲ್ಲಾರೂ ಎಲ್ಲೆಲ್ಲಿ ಮಲಗ್ತೀರಿ ಅಂತ ಕೇಳ್ತಾವ್ರೆ."

ನಾನು ಒಬ್ಬೊಬ್ಬರಿಗೆ ಒಂದೊಂದು ಮಣ್ಣಿನ ಎಳೆ ಹೊಸೆದು, ಮಲಗಿಸಿ ತೋರಿಸಿದೆ. ಅಪ್ಪ ಇಲ್ಲಿ, ರೊಪ್ಪದ ಬಾಯಲ್ಲಿ. ಅಮ್ಮ ಇಲ್ಲಿ. ನಾನು ಇಲ್ಲಿ, ಅಮ್ಮನ ಪಕ್ಕ.

"ಸುಜಾತ?"

"ಅವಳು ಗುಡಾಣದ ಹತ್ರ. ಬಂದಾಗ."

ಅದು ನಿಜವೇ ಆಗಿತ್ತು. ಹಬ್ಬಕ್ಕೆ ಬಂದರೆ ಅಜ್ಜಿಯೂ ಅವಳೂ ಗುಡಾಣದ ಪಕ್ಕ, ನೆಂಟರಿಗೆ ಹಾಸುವ ಜಮಖಾನದ ಮೇಲೆ ಮಲಗುತ್ತಿದ್ದರು. ವಸಂತಮ್ಮ ಅದನ್ನು ಸ್ಪೇನಿನ ಮಾತಿನಲ್ಲಿ ಹೇಳಿದಳು. ಪಿಳ್ಳಮ್ಮ ತಲೆಯಾಡಿಸಿ, ಗುಡಾಣದ ಹತ್ತಿರ ಒಂದು ಸಣ್ಣ ಮಣ್ಣಿನ ಎಳೆಯನ್ನು ಮಲಗಿಸಿದಳು. ಅಮ್ಮ ಎದ್ದು ನಿಂತಳು. ಕುರ್ಚಿ ಹಿಂದಕ್ಕೆ ಬಿತ್ತು. ಬಗ್ಗಿ, ಆ ಎಳೆಯನ್ನು ಎರಡು ಬೆರಳಲ್ಲಿ ಎತ್ತಿ, ತನ್ನ ಮಣ್ಣಿನ ಎಳೆಗೂ ನನ್ನದಕ್ಕೂ ನಡುವೆ ಒತ್ತಿದಳು. ಜಾಗ ಸಾಲದೆ ನನ್ನದು ಅಡ್ಡಗೋಡೆಯ ಕಡೆಗೆ ಸರಿದು ಸೊಟ್ಟಗಾಯಿತು. ವಸಂತಮ್ಮನಿಗೆ ದಾಟಿಸಲು ಏನೂ ಇರಲಿಲ್ಲ.

ಸಂಜೆ ವ್ಯಾನು ಹತ್ತುವಾಗ ಅಮ್ಮ ಸುಜಾತಳನ್ನು ಮೊದಲು ಹತ್ತಿಸಿದಳು. ಅಜ್ಜಿ ಗಾಬರಿಯಾದಳು. ಅಪ್ಪ ಬಾಗಿಲಲ್ಲೇ ನಿಂತು ಕೇಳಿದ:

"ಇದೇನೇ, ಅವಳು ಅಜ್ಜಿ ಊರಿನ್ ವ್ಯಾನಿಗೆ ಹೋಗ್ಬೇಕಲ್ವಾ?"

"ನಮ್ಮನೀಗ್ ಬತ್ತಾಳೆ."

"ಅವಳ ಇಸ್ಕೂಲು? ಅಲ್ಲಿಂದ ಬುಡ್ಸಿದ್ರೆ ಪಿಳ್ಳಮ್ಮಂದು ಇದೆಲ್ಲ ನಿಂತೋಯ್ತದೆ ಕಣೇ. ಆ ಊರ ಮಕ್ಳಿಗೆ ಮಾತ್ರ ಅದು. ಓದು ಬರಾ ತಿಳುವಳ್ಕೆ ಐತಾ ನಿಂಗೆ?"

"ಓದು ಬರಾ ನಮ್ಮೂರಾಗೂ ಐತೆ. ಮನೆ ಬಾಗ್ಲು ಯಾವ ಕಡೀಕೈತೆ ಅಂತ ಕೇಳದ್ಲಲ್ಲಯ್ಯ ನನ್ ಮಗಳು, ನಿನ್ ಕಿವೀಗ್ ಬೀಳ್ಲಿಲ್ವಾ? ನಾಳೀಕೆ ಅಮ್ಮ ಯಾರು ಅಂತ ಕೇಳಿದ್ರೆ?"

"ಅಂಗಲ್ಲ ಕಣೇ..."

"ನೀನು ಸುಮ್ಕಿರಯ್ಯ. ಹತ್ತು ವ್ಯಾನು."

ಅಪ್ಪ ಹತ್ತಿದ. ಅಜ್ಜಿ ಕಿಟಕಿಯ ಹೊರಗಿನಿಂದ ಸುಜಾತಳ ಕೆನ್ನೆ ಸವರಿ, ಸೆರಗು ಬಾಯಿಗೆ ಒತ್ತಿಕೊಂಡು ಹಿಂದಕ್ಕೆ ಸರಿದಳು. ನಾಲ್ಕು ದಿನ ಕಳೆದು ತಗಡಿನ ಪೆಟ್ಟಿಗೆ ಬಂತು. ಶಾಲೆಯ ಮಾತಾಡಲು ಅಪ್ಪ ಸಂಸ್ಥೆಗೆ ಹೋಗಿಬಂದ. ಮಗು ತಾಯಿಯ ಹತ್ತಿರ ಇರುವುದಕ್ಕೆ ನಮ್ಮ ಅಡ್ಡಿ ಇಲ್ಲ, ಆದರೆ ನಿಮ್ಮ ಊರು ನಮ್ಮ ಕೆಲಸದೊಳಗೆ ಬರುವುದಿಲ್ಲ ಎಂದು ಅವರು ಇದ್ದದ್ದನ್ನು ಇದ್ದಂತೆ ಹೇಳಿ ಕಳಿಸಿದರು.

ನಾನು ಒಳಗೊಳಗೇ ಕುಣಿದೆ. ಇನ್ನು ಸ್ಪೇನ್ ಇಲ್ಲ, ಮೇಣದ ಕಡ್ಡಿ ಇಲ್ಲ, ಅವಳೂ ಬಿಂದಿಗೆ ಹೊರುತ್ತಾಳೆ. ಆ ಕುಣಿತ ಒಂದು ವಾರ ಕೂಡ ಉಳಿಯಲಿಲ್ಲ. ಅಮ್ಮ ಕಳೆದುಹೋದ ವರ್ಷಗಳನ್ನೆಲ್ಲ ಒಟ್ಟಿಗೇ ತೀರಿಸಲು ಹೊರಟವಳಂತೆ ಸುಜಾತಳ ಹಿಂದೆ ಬಿದ್ದಳು. ಮೊದಲ ಮುದ್ದೆ ಅವಳ ತಟ್ಟೆಗೆ, ಅದರ ನಡುವೆ ಗುಳಿ ಮಾಡಿ ತುಪ್ಪ. ತುಪ್ಪ ಇರುವುದೇ ನನಗೆ ಗೊತ್ತಿರಲಿಲ್ಲ, ಎಲ್ಲಿ ಅಡಗಿಸಿಟ್ಟಿದ್ದಳೋ. ಭಾನುವಾರದ ಎಣ್ಣೆನೀರಿಗೆ ಮೊದಲು ಅವಳ ತಲೆ. ನನ್ನ ಸರದಿ ಬರುವಷ್ಟರಲ್ಲಿ ಹಂಡೆಯ ನೀರು ಉಗುರುಬೆಚ್ಚಗೆ. ಜಡೆ ಹೆಣೆಯುವಾಗ ಅಮ್ಮ ನನ್ನ ಕೂದಲನ್ನು ಹಗ್ಗ ಹೊಸೆದಂತೆ ಹೊಸೆಯುತ್ತಿದ್ದಳು, ಅವಳ ಕೂದಲನ್ನು ಸಿಕ್ಕು ಸಿಕ್ಕಾಗಿ ಬಿಡಿಸುತ್ತಿದ್ದಳು. ಮಲಗುವ ಜಾಗ ಮ್ಯೂಸಿಯಮ್ಮಿನ ಮಣ್ಣಿನ ಮನೆಯಲ್ಲಿ ಆದ ಹಾಗೆಯೇ ಆಯಿತು. ಒಲೆಗೋಡೆ, ಅಮ್ಮ, ಅವಳು, ಆಮೇಲೆ ನಾನು. ಕಂಬಳಿ ಮೂವರಿಗೆ ಸಾಲುತ್ತಿರಲಿಲ್ಲ. ಹಳ್ಳದಾಚೆಯ ಪಿಳ್ಳಮ್ಮನ ಮೇಲಿನ ಹೊಟ್ಟೆಕಿಚ್ಚು ದೂರದ ಉರಿಯಾಗಿತ್ತು. ಇದು ಪಕ್ಕದಲ್ಲೇ ಉಸಿರಾಡುವ ಉರಿ.

ನಾನು ನೋಡುವವಳಾದದ್ದು ಆಗ. ಯಾರ ತಟ್ಟೆಗೆ ಎಷ್ಟು ಬಿತ್ತು, ಯಾರ ಹೆಸರನ್ನು ಯಾವ ದನಿಯಲ್ಲಿ ಕರೆದರು, ಯಾರು ಕೆಮ್ಮಿದರೆ ಯಾರು ಎದ್ದು ಕೂತರು, ಎಲ್ಲವೂ ನನ್ನ ಕಣ್ಣಿಗೆ ಬೀಳುತ್ತಿತ್ತು. ಈಗ ಮಧುಗಿರಿಯಲ್ಲಿ ಅಂಗನವಾಡಿ ನಡೆಸುತ್ತೇನೆ. ಮೊಟ್ಟೆ ಹಂಚುವಾಗ ತನ್ನದನ್ನು ಬಿಟ್ಟು ಪಕ್ಕದ ತಟ್ಟೆ ನೋಡುವ ಮಗು ಯಾವುದು ಎಂದು ನನಗೆ ಮೊದಲೇ ಗೊತ್ತಾಗುತ್ತದೆ. ಆ ಮಗುವನ್ನು ನಾನು ಗದರುವುದಿಲ್ಲ. ಸುಜಾತ ಶಿರಾದ ಆಸ್ಪತ್ರೆಯಲ್ಲಿ ನರ್ಸು. ಪಿಳ್ಳಮ್ಮನ ನೆರವಿಲ್ಲದೆಯೇ ಓದಿದಳು. ಓದಿನಲ್ಲಿ ನನಗಿಂತ ಮುಂದಿದ್ದಳು ಎಂಬುದನ್ನು ಇಲ್ಲಿ ಬರೆಯಲು ನನಗೆ ಇಷ್ಟವಿಲ್ಲ, ಆದರೆ ಇದ್ದಳು.

ಮರುವರ್ಷ, ಅವರೆಕಾಯಿಯ ದಿನಗಳಲ್ಲಿ, ಮಧ್ಯಾಹ್ನ ಒಂದು ವ್ಯಾನು ಹಟ್ಟಿಯ ಮುಂದೆ ಬಂದು ನಿಂತಿತು. ಕಟ್ಟಳೆ ಏನಿದ್ದರೇನು, ಪಿಳ್ಳಮ್ಮ ಸುಜಾತಳನ್ನು ನೋಡಲು ತನ್ನಷ್ಟಕ್ಕೆ ಬಂದಿದ್ದಳು. ವಸಂತಮ್ಮನೂ ಜೊತೆಗಿದ್ದಳು. ತಲೆ ತಗ್ಗಿಸಬೇಕು ಎಂದು ಹೇಳುವ ಮೊದಲೇ ಪಿಳ್ಳಮ್ಮ ತಗ್ಗಿಸಿಕೊಂಡು ಒಳಗೆ ಬಂದಳು. ಆ ಬಾಗಿಲಿನ ಎತ್ತರ ನಾನೇ ಅವಳಿಗೆ ಕಲಿಸಿದ್ದು. ಅಮ್ಮ ಅಪ್ಪನ ಹೊಸ ಕಂಬಳಿ ಹಾಸಿದಳು, ಹಿತಕವರೆ ಸಾರು, ಮುದ್ದೆ ಬಡಿಸಿದಳು. ಪಿಳ್ಳಮ್ಮ ಮುದ್ದೆಯನ್ನು ಅಗಿದಳು, ಅಗಿದೇ ಅಗಿದಳು, ಅದು ಹಲ್ಲಿಗೆ ಮೆತ್ತಿಕೊಂಡು ಕಣ್ಣಲ್ಲಿ ನೀರು ಬಂತು.

"ಅಗೀಬಾರ್ದು ಕಣಮ್ಮ, ನುಂಗ್ಬೇಕು. ನೋಡು, ಇಂಗೆ," ಎಂದು ಅಮ್ಮ ತುತ್ತು ಮುರಿದು, ಸಾರಿನಲ್ಲಿ ಹೊರಳಿಸಿ, ತನ್ನ ಕೈಯಾರೆ ಅವಳ ಬಾಯಿಗೆ ಇಟ್ಟಳು. ಪಿಳ್ಳಮ್ಮ ನುಂಗಿದಳು. ಇಬ್ಬರೂ ನಕ್ಕರು. ನಾನು ಕಣ್ಣು ಮಿಟುಕಿಸದೆ ನೋಡುತ್ತಿದ್ದೆ. ಅಮ್ಮನ ಮುಖದಲ್ಲಿ ಬಿಗುವೇ ಇರಲಿಲ್ಲ. ಗೆದ್ದವರಿಗೆ ಹೊಟ್ಟೆಕಿಚ್ಚು ಇರುವುದಿಲ್ಲ ಎಂದು ಅವತ್ತು ಗೊತ್ತಾಯಿತು.

ಹೊರಡುವ ಮುಂಚೆ ಪಿಳ್ಳಮ್ಮ ಚೀಲದಿಂದ ಎರಡು ಬೀಸಣಿಗೆ ತೆಗೆದಳು. ಮಡಿಚಿದರೆ ಕಡ್ಡಿ, ಬಿಡಿಸಿದರೆ ನವಿಲುಗರಿಯಂತೆ ಅರಳುವಂಥವು. ಒಂದು ಸುಜಾತಳಿಗೆ. ಇನ್ನೊಂದನ್ನು ನನ್ನ ಕೈಗೆ ಕೊಟ್ಟು, ನನ್ನ ಹೆಸರನ್ನು ಕಷ್ಟಪಟ್ಟು, ಆದರೆ ಸರಿಯಾಗಿ ಹೇಳಿದಳು. "ಈ-ರ-ಕ್ಕಾ." ಆಮೇಲೆ ನನ್ನ ಎರಡೂ ಕೆನ್ನೆಗೆ ಮುತ್ತು ಕೊಟ್ಟಳು. ವ್ಯಾನು ಎಬ್ಬಿಸಿದ ಧೂಳು ಇಳಿಯುವ ಮೊದಲೇ ನಾನು ಸುಜಾತಳ ಬೀಸಣಿಗೆ ಇಸಿದುಕೊಂಡು, ನನ್ನದರ ಮೇಲೆ ಇಟ್ಟು ಅಳತೆ ನೋಡಿದೆ. ಎರಡೂ ಒಂದೇ ಉದ್ದ, ಒಂದೇ ಹೂವು, ಒಂದೇ ಕೆಂಪು. ಎಲ್ಲಿಯಾದರೂ ಒಂದು ಹೆಚ್ಚು ಕಡಿಮೆ ಸಿಕ್ಕಿದ್ದರೆ ನನಗೆ ನೆಮ್ಮದಿಯಾಗುತ್ತಿತ್ತೇನೋ. ಸಿಗಲಿಲ್ಲ ಎಂದು ಇನ್ನಷ್ಟು ಸಿಟ್ಟು ಬಂತು.

ಸುಜಾತ ಅಳುತ್ತಾಳೆ ಎಂದುಕೊಂಡಿದ್ದೆ. ಅವಳು ಬೀಸಣಿಗೆಯನ್ನು ಗೂಡಿನಲ್ಲಿಟ್ಟು ರೊಪ್ಪಕ್ಕೆ ಹೋದಳು. ಈಯ್ದು ವಾರವಾಗಿದ್ದ ಕುರಿಯೊಂದು ಎರಡು ಮರಿಗೆ ಹಾಲು ಸಾಲದೆ ಒದೆಯುತ್ತಿತ್ತು. ಅವಳು ಕಲ್ಲಿನ ಮೇಲೆ ಕೂತು, ಒಂದು ಮರಿಯನ್ನು ತೊಡೆಗೆ ಒತ್ತಿಕೊಂಡು ಬಾಟಲಿಯಲ್ಲಿ ಮೇಕೆ ಹಾಲು ಕುಡಿಸತೊಡಗಿದಳು. ನಾನು ಬೇಲಿಯ ಹತ್ತಿರ ನಿಂತೆ. ಕೇಳದೆ ಇರಲಾಗಲಿಲ್ಲ.

"ಪಿಳ್ಳಮ್ಮ ಒಂಟೋದ್ಲಲ್ಲ. ನಿಂಗೆ ಬೇಜಾರಾಗ್ಲಿಲ್ವೇನೇ?"

ಅವಳು ಮರಿಯ ಬಾಯಿಂದ ಕಣ್ಣೆತ್ತಲಿಲ್ಲ.

"ನಾನ್ ಬಂದ್ನಲ್ಲ. ನಿಂಗೆ ಬೇಜಾರಾಗ್ಲಿಲ್ವಾ?"

ಹಾಗೆ ಯಾರೂ ನನ್ನನ್ನು ಕೇಳಿರಲಿಲ್ಲ. ಅಮ್ಮ ಕೇಳಿರಲಿಲ್ಲ, ಅಪ್ಪನಿಗೆ ಹೊಳೆದಿರಲಿಲ್ಲ. ಇಲ್ಲ ಎನ್ನಲು ಬಾಯಿ ತೆರೆದೆ. ಅವಳು ಕಾಯುತ್ತಿದ್ದಳು.

"ಆಯ್ತು," ಎಂದೆ. "ಇವಾಗ್ಲೂ ಐತೆ."

"ನಂಗೊತ್ತು ಬುಡು," ಎಂದಳು, ಸಿಟ್ಟಿಲ್ಲದೆ. ಆಮೇಲೆ ಕಲ್ಲಿನ ಮೇಲೆ ಪಕ್ಕಕ್ಕೆ ಸರಿದಳು. "ಇಲ್ ಬಾ. ಆ ಇನ್ನೊಂದು ಮರಿ ಇಡ್ಕೋ, ಅದೂ ಅಸ್ಕೊಂಡೈತೆ."

ನಾನು ಹೋಗಿ ಅವಳ ಪಕ್ಕ ಕೂತು ಮರಿಯನ್ನು ತೊಡೆಯ ಮೇಲೆ ಎತ್ತಿಕೊಂಡೆ. ಅದು ನನ್ನ ಬೆರಳನ್ನೇ ಮೊಲೆಯೆಂದು ಚೀಪಿತು. ಅವಳು ಬಾಟಲಿಯನ್ನು ನನಗೆ ದಾಟಿಸಿದಳು. ಹಾಲು ಅರ್ಧಕ್ಕೆ ಬಂದಿತ್ತು, ನಾನು ಬೆಳಕಿಗೆ ಹಿಡಿದು ನೋಡಿದೆ. ಆಮೇಲೆ ಪಕ್ಕಕ್ಕೆ ಕಣ್ಣು ಹಾಯಿಸಿದೆ. ಅವಳ ಮರಿ ನನ್ನ ಮರಿಗಿಂತ ದಪ್ಪಗಿತ್ತು.